ಖಾಲಿ ಕುರ್ಚಿಗಳ ಬೆಂಬಲ

2015ರ ಆಗಸ್ಟ್ ತಿಂಗಳು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ ಚುನಾವಣೆ. ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ಮೀಸಲಾಗಿದ್ದವು. ನಮ್ಮದೂ ಅವುಗಳಲ್ಲೊಂದು. ಈ ಸಲ ಯಾರಿಗೆ ಬೆಂಬಲ ಎಂಬುದನ್ನು ಬಡಾವಣೆಯವರೇ ಕೂತು ತೀರ್ಮಾನಿಸೋಣ ಎಂದು ನಾವು ನಾಲ್ಕೈದು ಗೆಳೆಯರು ಹೊರಟೆವು. ಜಾತಿ ಮತ ನೋಡದೆ, ಹಣದ ಹಂಗಿಲ್ಲದೆ, ಅಭ್ಯರ್ಥಿಗಳ ಮಾತು ಕೇಳಿ ಒಂದು ನಿರ್ಧಾರಕ್ಕೆ ಬರುವುದು. ಕೇಳಲು ಎಷ್ಟು ಚೆನ್ನಾಗಿದೆ ಅಲ್ಲವೇ?

ಶಾಲೆಯೊಂದರ ಕೊಠಡಿಯಲ್ಲಿ ಸಂಜೆ ಏಳಕ್ಕೆ ಸಭೆ. ಅರವತ್ತು ಕುರ್ಚಿ ಬಾಡಿಗೆಗೆ ತಂದಿದ್ದೆವು. ಬಂದವರು ಹದಿನೇಳು ಮಂದಿ. ಕಣದಲ್ಲಿದ್ದ ಏಳು ಅಭ್ಯರ್ಥಿಗಳಿಗೂ ಮನೆಗೇ ಹೋಗಿ ಆಹ್ವಾನ ಕೊಟ್ಟಿದ್ದೆವು. ಬಂದದ್ದು ಮೂವರ ಕಡೆಯವರು. ಅವರಲ್ಲಿ ಇಬ್ಬರು ಅಭ್ಯರ್ಥಿಗಳ ಗಂಡಂದಿರು! "ಮೇಡಂ ಪ್ರಚಾರದಲ್ಲಿದ್ದಾರೆ, ಏನಿದ್ದರೂ ನನಗೇ ಹೇಳಿ" ಎಂದರು ಒಬ್ಬರು. ಖುದ್ದು ಬಂದವರು ಒಬ್ಬ ಪಕ್ಷೇತರ ಮಹಿಳೆ ಮಾತ್ರ. ಚರಂಡಿ, ಕಸ, ಬೀದಿದೀಪದ ಬಗ್ಗೆ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು.

ಕೊನೆಗೆ ಕೈಯೆತ್ತಿಸಿದೆವು. ಹನ್ನೊಂದು ಕೈಗಳು ಆಕೆಯ ಪರ. ಮರುದಿನವೇ ಕರಪತ್ರ ಅಚ್ಚಾಯಿತು: 'ಬಡಾವಣೆಯ ಸಮಸ್ತ ನಾಗರಿಕರ ಒಮ್ಮತದ ಬೆಂಬಲ.'

ಆ ಕರಪತ್ರ ಹಿಡಿದು ಮನೆಮನೆಗೆ ಹೋದಾಗ, ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಖಾಲಾ ತಮ್ಮ ಮೊಮ್ಮಗಳಿಂದ ಅದನ್ನು ಓದಿಸಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ನಮ್ಮನ್ನು ನೋಡಿದರು. "ಸಮಸ್ತ ಅಂದ್ರೆ ಯಾರಪ್ಪಾ? ನನ್ನನ್ನ ಯಾರು ಕೇಳಿದ್ರು?"

"ಸಭೆ ಇಟ್ಟಿದ್ವಲ್ಲ ಖಾಲಾ, ನೀವು ಬರಲಿಲ್ಲ."

"ಏಳು ಗಂಟೆಗೆ ನಾನು ರೊಟ್ಟಿ ಸುಡಲಾ, ಸಭೆಗೆ ಬರಲಾ?"

ನಮ್ಮಲ್ಲಿ ಉತ್ತರವಿರಲಿಲ್ಲ. ಮಹಿಳೆಗೆ ಮೀಸಲಾದ ವಾರ್ಡಿನಲ್ಲಿ ಬೆಂಬಲ ತೀರ್ಮಾನಿಸಲು ಕೂತ ಹದಿನೇಳು ಮಂದಿಯೂ ಗಂಡಸರೇ. ಹೆಂಡತಿಯ ಬದಲು ಬಂದ ಗಂಡಂದಿರನ್ನು ಕಂಡು ನಾವು ಮುಸಿಮುಸಿ ನಕ್ಕಿದ್ದೆವು. ನಾವೂ ಮಾಡಿದ್ದು ಅದನ್ನೇ ಅಲ್ಲವೇ?

ನಾವು ಬೆಂಬಲಿಸಿದ ಮಹಿಳೆ ಸೋತರು. ಆ ಆಗಸ್ಟ್ 22ರಂದು ನಗರದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 49 ಮಂದಿ. 2010ರಲ್ಲಿ ಅದು ಸುಮಾರು 44 ಇತ್ತು. ನಮ್ಮ ಗೆಳೆಯರ ಗುಂಪಿನಲ್ಲೇ ಇಬ್ಬರು ಶನಿವಾರದ ರಜೆಯೆಂದು ಊರಿಗೆ ಹೋಗಿದ್ದರೆಂಬುದು ಆಮೇಲೆ ತಿಳಿಯಿತು!

ಜನರನ್ನಷ್ಟೇ ದೂರುವುದೂ ಸರಿಯಲ್ಲ. ಆ ಚುನಾವಣೆಯಲ್ಲಿ ಬಿಜೆಪಿ 100 ವಾರ್ಡುಗಳನ್ನು ಗೆದ್ದರೂ, ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರಿಗೂ ಮತವಿದ್ದುದರಿಂದ ಪಾಲಿಕೆಯ ಅಧಿಕಾರ ಹಿಡಿದದ್ದು ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿ. ಅದು ನಿಯಮದಂತೆಯೇ ನಡೆಯಿತು. ಆದರೂ 'ನಮ್ಮ ವೋಟಿನಿಂದ ಏನಾಗುತ್ತದೆ' ಎನ್ನುವವನಿಗೆ ಇನ್ನೊಂದು ನೆಪ ಸಿಕ್ಕಿತು. ಮೇಯರ್ ಪದವಿಯೋ ಆಗ ಒಂದೇ ವರ್ಷದ್ದಾಗಿತ್ತು. ಟಿಕೆಟ್ ಸಿಗುವುದು ನಾಯಕರ ಮನೆ ಬಾಗಿಲಲ್ಲಿ. ಹೀಗಿರುವಾಗ ಅಭ್ಯರ್ಥಿಗೆ ಬಡಾವಣೆಯ ಹದಿನೇಳು ಕುರ್ಚಿಗಳ ಬೆಂಬಲ ಯಾಕೆ ಬೇಕು?

ಆದರೆ ಕಾರ್ಪೊರೇಟರ್ ಇಲ್ಲದಿದ್ದರೆ ಏನಾಗುತ್ತದೆಂಬುದನ್ನೂ ನಾವು ಕಂಡೆವು. 2020ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಡಳಿತಾಧಿಕಾರಿಯ ಕೈಗೆ ನಗರ ಹೋಯಿತು. ಹೊಸ ಚುನಾವಣೆಯಿಲ್ಲದೆ ಐದು ವರ್ಷ ಕಳೆಯಿತು. 2022ರ ಮಳೆಗೆ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ, ಹೋಗಿ ಬಾಗಿಲು ತಟ್ಟಲು ನಮಗೊಂದು ಮನೆಯಿರಲಿಲ್ಲ. ಬೈಯಲಿಕ್ಕಾದರೂ ಒಬ್ಬ ಕಾರ್ಪೊರೇಟರ್ ಬೇಕಿತ್ತು! 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ವಾರ್ಡುಗಳು ಚಿಕ್ಕವಾದವು. ವಾರ್ಡು ಚಿಕ್ಕದಾದರೆ ಸಾಕೇ? ನಮ್ಮ ಮನಸ್ಸು ದೊಡ್ಡದಾಗಬೇಡವೇ?

ಮುಂದಿನ ಸಭೆಯನ್ನು ಮಧ್ಯಾಹ್ನ ಮೂರಕ್ಕೆ, ಖಾಲಾರ ಬೀದಿಯಲ್ಲೇ ಇಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ಎಷ್ಟು ಮಂದಿ ಬಂದರೋ ಅಷ್ಟನ್ನೇ ಕರಪತ್ರದಲ್ಲಿ ಬರೆಯಬೇಕು. ಹನ್ನೊಂದು ಕೈಗಳಾದರೆ ಹನ್ನೊಂದು ಎಂದೇ. ಅಭ್ಯರ್ಥಿಯಿಂದ ಪ್ರಾಮಾಣಿಕತೆ ಬಯಸುವ ನಾವು ನಮ್ಮ ಲೆಕ್ಕವನ್ನಾದರೂ ಸರಿಯಾಗಿ ಹೇಳಬೇಡವೇ?