ಹಿಮ ಕರಗದ ಘಟ್ಟದಲ್ಲಿ ಒಂದು ಓಟ

ಜುಲೈ ತಿಂಗಳಿನಲ್ಲಿ ಹಿಮದ ರಾಶಿಯ ಪಕ್ಕದಲ್ಲಿ ನಿಂತು ಅಪರಿಚಿತರಿಗೆ ಪುಳಿಯೋಗರೆ ಹಂಚುವ ಯೋಗವೊಂದು ನನ್ನ ಜಾತಕದಲ್ಲಿ ಇದೆಯೆಂದು ಯಾವ ಜೋಯಿಸರೂ ನನಗೆ ಹೇಳಿರಲಿಲ್ಲ. 2023ನೆಯ ಇಸವಿಯ ಬೇಸಗೆಯಲ್ಲಿ ಮಗಳು ಅಳಿಯಂದಿರನ್ನು ನೋಡಿಬರಲು ನಾನೂ ನನ್ನಾಕೆಯೂ ಕ್ಯಾಲಿಫೋರ್ನಿಯಕ್ಕೆ ಹೋಗಿದ್ದೆವು. ಹೋದ ವಾರದಲ್ಲಿಯೇ ಮಗಳು, “ಅಪ್ಪ, ಮುಂದಿನ ಶನಿವಾರ ಸಿಯೆರಾ ಬೆಟ್ಟದಲ್ಲಿ ನನ್ನದೊಂದು ಓಟವಿದೆ. ನೀವಿಬ್ಬರೂ ಬರಬೇಕು,” ಎಂದಳು. ಇವಳಿಗೆ ಚಿಕ್ಕಂದಿನಲ್ಲಿ ಬಸವನಗುಡಿಯ ಕಹಳೆ ಬಂಡೆಯನ್ನು ಹತ್ತಿಸುವುದಕ್ಕೆ ಕಡಲೆಕಾಯಿಯ ಆಸೆ ತೋರಿಸಬೇಕಾಗಿತ್ತು. ಮೂವತ್ತು ದಾಟಿದ ಮೇಲೆ ಬೆಟ್ಟಗಳ ನೆತ್ತಿಯ ಮೇಲೆ ಹದಿನೈದು ಮೈಲಿ ಓಡುತ್ತಾಳೆಂದರೆ ನಂಬುವುದು ಹೇಗೆ?

ಓಟವೆಂದೊಡನೆ ನಾನು ಕಲ್ಪಿಸಿಕೊಂಡದ್ದು ಧ್ವಜ, ವಾದ್ಯ, ಬಹುಮಾನದ ಬಟ್ಟಲುಗಳನ್ನು. ಇಲ್ಲಿ ಅದಾವುದೂ ಇರಲಿಲ್ಲ. ಇದಕ್ಕೆ ಪ್ರವೇಶ ಶುಲ್ಕವಿಲ್ಲ, ಎದೆಗೆ ಅಂಟಿಸುವ ಅಂಕಿಯಿಲ್ಲ, ಸಂಘದ ಹೆಸರೂ ಇಲ್ಲ. ಮೂವತ್ತು ಮಂದಿ ಸ್ನೇಹಿತರು ವರ್ಷಕ್ಕೊಮ್ಮೆ ಸೇರುತ್ತಾರೆ. ಪ್ರತಿಯೊಬ್ಬರೂ ಮನೆಯಿಂದ ಒಂದು ತಿಂಡಿ ತರಬೇಕು, ಅಷ್ಟೇ ಶುಲ್ಕ. ಇದೆಲ್ಲವನ್ನೂ ನಡೆಸುವವರು ನಿವೃತ್ತರಾದ ಒಬ್ಬ ಶಾಲಾ ಉಪಾಧ್ಯಾಯರು. ಎತ್ತರದ ಆಳು, ಬಿಳಿಯ ಗಡ್ಡ, ಮಾತು ಕಡಿಮೆ. ನಾವು ಮನೆಯಲ್ಲಿ ಅವರನ್ನು ‘ಮೇಷ್ಟ್ರು’ ಎಂದೇ ಕರೆಯತೊಡಗಿದೆವು.

ಡಾನರ್ ಘಟ್ಟಕ್ಕೆ ನಮ್ಮ ಮಗಳ ಊರಿನಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ಹಾದಿ. ಬಯಲಿನಲ್ಲಿ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಬಿಸಿಲು ನಮ್ಮ ರಾಯಚೂರನ್ನು ನೆನಪಿಗೆ ತರುತ್ತಿತ್ತು. ಏರುತ್ತ ಏರುತ್ತ ಓಕ್ ಮರಗಳು ಹಿಂದೆ ಬಿದ್ದು, ಪೈನ್ ಮರಗಳು ಎರಡು ಕಡೆಯೂ ಗೋಡೆಗಟ್ಟಿದವು. ಒಂದೆಡೆ ಕಾರು ನಿಲ್ಲಿಸಿ ಅಳಿಯಂದಿರು ನನ್ನನ್ನು ಒಂದು ಜೆಫ್ರಿ ಪೈನ್ ಮರದ ಬಳಿಗೆ ಕರೆದೊಯ್ದು, “ಮಾವ, ತೊಗಟೆಯ ಬಿರುಕಿಗೆ ಮೂಗು ಇಡಿ,” ಎಂದರು. ಇಟ್ಟೆ. ವೆನಿಲಾದ ವಾಸನೆ ಎಂದು ಅವರೆಂದರು. ನನಗಂತೂ ಅದು ಹದವಾಗಿ ಕಾಯಿಸಿದ ಬೆಲ್ಲದ ಪಾಕದ ವಾಸನೆಯೇ. ಆಮೇಲೆ ತಿರುವೊಂದನ್ನು ದಾಟಿದೊಡನೆ ಎದುರಿಗೆ ಬಿಳಿಯ ಪರ್ವತಶ್ರೇಣಿ! ನೆತ್ತಿಯ ಮೇಲೆ ಜುಲೈ ತಿಂಗಳ ಸೂರ್ಯ, ಕಣ್ಣೆದುರಿಗೆ ಮಾಘದ ಹಿಮ.

ಆ ವರ್ಷದ ಹಿಮವೇ ಅಂಥದು. ಈ ಘಟ್ಟದ ಬಳಿ ಹಿಮವನ್ನು ಅಳೆಯುವುದಕ್ಕೆಂದೇ 1946ರಲ್ಲಿ ಸ್ಥಾಪಿತವಾದ ಪ್ರಯೋಗಶಾಲೆಯೊಂದಿದೆ. 2022-23ರ ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮ ಒಟ್ಟು 754 ಅಂಗುಲ, ಅಂದರೆ ಸುಮಾರು 63 ಅಡಿ. ಪ್ರಯೋಗಶಾಲೆಯ ದಾಖಲೆಯಲ್ಲಿ ಇದಕ್ಕಿಂತ ಹೆಚ್ಚು ಬಿದ್ದದ್ದು 1951-52ರಲ್ಲಿ ಮಾತ್ರ. ಆ ಚಳಿಗಾಲದ ಜನವರಿಯಲ್ಲಿ ‘ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ’ ಎಂಬ ವೈಭವದ ರೈಲು 226 ಜನರ ಸಮೇತ ಈ ಘಟ್ಟದ ಪಶ್ಚಿಮಕ್ಕೆ ಹಿಮದಲ್ಲಿ ಹೂತು, ಅದರಲ್ಲಿದ್ದವರು ಮೂರು ದಿನ ಅಲ್ಲಿಯೇ ಸಿಕ್ಕಿಕೊಂಡಿದ್ದರು.

ಮೇಷ್ಟ್ರ ಓಟದ ಮಾಮೂಲು ದಾರಿ ಘಟ್ಟದ ನೆತ್ತಿಯಲ್ಲಿ ಆರಂಭವಾಗಿ ದಕ್ಷಿಣಕ್ಕೆ, ಪೆಸಿಫಿಕ್ ಕ್ರೆಸ್ಟ್ ಎಂಬ ಸುಪ್ರಸಿದ್ಧ ಕಾಲುಹಾದಿಯಲ್ಲಿ, ಪರ್ವತದ ಬೆನ್ನೆಲುಬಿನ ಮೇಲೆಯೇ ಸಾಗುತ್ತದೆ. ಸುಮಾರು 8,949 ಅಡಿ ಎತ್ತರದ ಟಿಂಕರ್ ನಾಬ್ ಶಿಖರದ ಮಗ್ಗುಲಿನಲ್ಲಿ ಹಾದು, ಕೊನೆಗೆ ಒಲಿಂಪಿಕ್ ಕಣಿವೆಗೆ ಇಳಿಯುತ್ತದೆ. 1960ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದ ಸ್ಥಳವದು. ಬೆಟ್ಟದ ಓಟಗಾರರಿಗೆ ಆ ಕಣಿವೆ ಮತ್ತೊಂದು ಕಾರಣಕ್ಕಾಗಿ ಕ್ಷೇತ್ರವಿದ್ದಂತೆ. ಆ ಪ್ರದೇಶದಿಂದ ಆಬರ್ನ್ ಪಟ್ಟಣಕ್ಕೆ ಒಂದೇ ದಿನದಲ್ಲಿ ನೂರು ಮೈಲಿ ಕುದುರೆ ಸವಾರಿ ಮಾಡುವ ಪಂದ್ಯವೊಂದು 1955ರಿಂದ ಇದೆ. ಹಿಂದಿನ ವರ್ಷ ಕುದುರೆ ಕುಂಟಿದ್ದರಿಂದ ಬೇಸತ್ತ ಗಾರ್ಡಿ ಏನ್ಸ್ಲೀ ಎಂಬಾತನು 1974ರಲ್ಲಿ ಕುದುರೆಯೇ ಬೇಡವೆಂದು ತಾನೇ ಓಡಿ, 23 ಗಂಟೆ 42 ನಿಮಿಷದಲ್ಲಿ ಆಬರ್ನ್ ಸೇರಿದನು! ಅದರಿಂದ ಹುಟ್ಟಿದ ನೂರು ಮೈಲಿಯ ಕಾಲೋಟ ಈಗ ಜಗತ್ಪ್ರಸಿದ್ಧ. ಅಂಥ ಓಟವೂ 2010ರಲ್ಲಿ ಮತ್ತು 2011ರಲ್ಲಿ ಹಿಮಕ್ಕೆ ತಲೆಬಾಗಿ ದಾರಿಯನ್ನು ಬದಲಿಸಿಕೊಂಡಿತ್ತು.

ನಾವು ಗುರುವಾರವೇ ಹೋಗಿ ಕೆಳಗಿನ ಡಾನರ್ ಸರೋವರದ ಬಳಿ ಒಂದು ಮನೆಯಲ್ಲಿ ತಂಗಿದೆವು. ಅದೇ ಮಧ್ಯಾಹ್ನ ಮೇಷ್ಟ್ರು, ನಮ್ಮ ಮಗಳು, ಮತ್ತೊಬ್ಬರು ದಾರಿಯ ಪರಿಸ್ಥಿತಿಯನ್ನು ನೋಡಿಬರಲು ಮೇಲಕ್ಕೆ ಹೋದರು. ಹಿಂದಿರುಗುವಾಗ ಸಂಜೆ ಏಳು ದಾಟಿತ್ತು. “ಹೇಗಿತ್ತಮ್ಮ?” ಎಂದು ಕೇಳಿದರೆ, “ಹಿಮ ಸ್ವಲ್ಪ ಜಾಸ್ತಿ ಇದೆ,” ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದಳು. ಆ ರಾತ್ರಿ ಸೆಕೆಯಿದ್ದರೂ ಪೂರ್ಣ ತೋಳಿನ ಅಂಗಿಯನ್ನೇ ತೊಟ್ಟು ಊಟಕ್ಕೆ ಕುಳಿತಳು. ನನಗೆ ಹೊಳೆಯಲಿಲ್ಲ. ತಾಯಿಯ ಕಣ್ಣು ಮಾತ್ರ ಎರಡು ಮೂರು ಸಲ ಆ ತೋಳಿನ ಮೇಲೆ ಹರಿದಾಡಿತು.

ಶುಕ್ರವಾರ ಬೆಳಗ್ಗೆ ನಾವಿಬ್ಬರೂ ಸರೋವರದ ಪೂರ್ವದ ತುದಿಯಲ್ಲಿರುವ ಸ್ಮಾರಕವನ್ನು ನೋಡಹೋದೆವು. ಎತ್ತರವಾದ ಕಲ್ಲಿನ ಪೀಠ. ಅದರ ಮೇಲೆ ಪಶ್ಚಿಮಕ್ಕೆ ದೃಷ್ಟಿ ನೆಟ್ಟ ತಂದೆ, ತಾಯಿ, ಮಕ್ಕಳ ಕಂಚಿನ ವಿಗ್ರಹ. ಪೀಠದ ಎತ್ತರ 22 ಅಡಿ. 1846ರ ಚಳಿಗಾಲದಲ್ಲಿ ಹಿಮ ಅಷ್ಟು ಆಳವಾಗಿತ್ತೆಂಬುದರ ಗುರುತು ಅದು. ಡಾನರ್ ಮನೆತನದವರೂ ಇತರರೂ ಸೇರಿ 87 ಮಂದಿ ಎತ್ತಿನ ಗಾಡಿಗಳಲ್ಲಿ ಕ್ಯಾಲಿಫೋರ್ನಿಯಕ್ಕೆ ಹೊರಟಿದ್ದರು. ಎಲ್ಲರೂ ಹೋಗುವ ದಾರಿ ಬಿಟ್ಟು, ಹೇಸ್ಟಿಂಗ್ಸ್ ಎಂಬಾತನು ಪುಸ್ತಕದಲ್ಲಿ ಹೊಗಳಿ ಬರೆದಿದ್ದ ಒಳದಾರಿ ಹಿಡಿದರು. ಪುಸ್ತಕ ಬರೆಯುವಾಗ ಆ ಮಹಾರಾಯನು ಆ ದಾರಿಯಲ್ಲಿ ಸ್ವತಃ ಪ್ರಯಾಣ ಮಾಡಿಯೇ ಇರಲಿಲ್ಲ! ಹತ್ತಿರವೆಂದು ನಂಬಿದ ದಾರಿಯಲ್ಲಿ ವಾರಗಳು ಕಳೆದುಹೋಗಿ, ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ಹಿಮ ಬಿದ್ದು ಬಾಗಿಲು ಮುಚ್ಚಿತ್ತು. ಹಸಿವಿನಿಂದ ಅವರು ಏನೇನು ತಿಂದರೆಂಬುದನ್ನು ಚರಿತ್ರೆ ಬರೆದಿಟ್ಟಿದೆ, ನಾನಿಲ್ಲಿ ಬರೆಯಲಾರೆ. 1847ರ ವಸಂತದ ಹೊತ್ತಿಗೆ ಬದುಕಿ ಉಳಿದವರು ಅರ್ಧಕ್ಕಿಂತ ತುಸು ಹೆಚ್ಚು ಮಂದಿ. ನನ್ನಾಕೆ ಬಹಳ ಹೊತ್ತು ಆ ತಾಯಿಯ ವಿಗ್ರಹವನ್ನೇ ನೋಡುತ್ತಿದ್ದು, “ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರೇ?” ಎಂದಳು. ಅವರಲ್ಲಿ ಅರ್ಧದಷ್ಟು ಮಂದಿ ಮಕ್ಕಳೇ ಎಂದೆ. ಅವಳು ಮತ್ತೆ ಮಾತನಾಡಲಿಲ್ಲ.

ಅಂದು ಸಂಜೆ ಓಟಗಾರರೆಲ್ಲ ನಾವಿದ್ದ ಮನೆಯ ಅಂಗಳದಲ್ಲಿ ಸೇರಿದರು. ಮೇಷ್ಟ್ರು ಒಂದು ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಮೇಲಿನ ದಾರಿ ಈ ವರ್ಷ ಬೇಡವೆಂದರು. ಬದಲಿಗೆ ಘಟ್ಟದ ನೆತ್ತಿಯಿಂದ ಹಳೆಯ ಹೆದ್ದಾರಿಯಲ್ಲಿ ಸರೋವರಕ್ಕಿಳಿದು, ಸುಮಾರು ಏಳು ಮೈಲಿಯ ಸರೋವರವನ್ನು ಒಂದು ಸುತ್ತು ಹಾಕಿ, ಮತ್ತೆ ನೆತ್ತಿಗೆ ಏರುವುದು. ಮೈಲಿಗಳ ಲೆಕ್ಕ ಹೆಚ್ಚುಕಡಿಮೆ ಒಂದೇ. ಆದರೆ ಶಿಖರದಲ್ಲಿ ಓಡಬಂದವರಿಗೆ ಡಾಂಬರು ರಸ್ತೆಯನ್ನು ಕೊಟ್ಟರೆ ಹೇಗಾಗುತ್ತದೆ? ಮದುವೆಯೂಟಕ್ಕೆಂದು ಕರೆದು ಅವಲಕ್ಕಿ ಕೊಟ್ಟಂತಾಯಿತು. ಗೊಣಗಾಟ ಎದ್ದಿತು. ಬಹು ದೂರದಿಂದ ವಿಮಾನದಲ್ಲಿ ಬಂದಿದ್ದ ಒಬ್ಬ ಯುವಕನು, ತಾನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲವೆಂದೂ, ಮೇಲಿನ ದಾರಿಯಲ್ಲಿಯೇ ಹೋಗುವೆನೆಂದೂ ಹೇಳಿಬಿಟ್ಟನು. ಮೇಷ್ಟ್ರು ಸಿಟ್ಟಾಗಲಿಲ್ಲ. “ಇದು ಸರ್ಕಾರದ ಓಟವಲ್ಲ, ನಿಮ್ಮನ್ನು ನಾನು ತಡೆಯಲಾರೆ. ಆದರೆ ನೀವು ಮಧ್ಯಾಹ್ನದೊಳಗೆ ಬಾರದಿದ್ದರೆ ಹುಡುಕಿಕೊಂಡು ಅಲ್ಲಿಗೆ ಬರಬೇಕಾದವರು ಇಲ್ಲಿ ಕುಳಿತಿರುವವರು,” ಎಂದರು.

ಆಗ ನಮ್ಮ ಮಗಳು ಎದ್ದು ನಿಂತಳು. ತೋಳನ್ನು ಮೇಲಕ್ಕೆ ಮಡಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ತರಚಿ ಕೆಂಪಗಾಗಿತ್ತು.

ನಡೆದದ್ದು ಇಷ್ಟು. ಶಿಖರವೊಂದರ ನೆರಳಿನ ಪಾರ್ಶ್ವದಲ್ಲಿ ಕಾಲುಹಾದಿ ಕಡಿದಾದ ಇಳುಕಲನ್ನು ಅಡ್ಡಲಾಗಿ ದಾಟುತ್ತದೆ. ಹಿಮವಿಲ್ಲದಾಗ ಮಕ್ಕಳೂ ನಡೆಯಬಹುದಾದ ಹಾದಿ. ಈಗ ಹಾದಿಯೇ ಇಲ್ಲ. ಮನೆಯ ಮಾಡಿನಂತೆ ಇಳಿಜಾರಾದ ಬಿಳಿಯ ಹಾಸು ಮಾತ್ರ. ರಾತ್ರಿ ಗಟ್ಟಿಯಾದ ಹಿಮ ಬೆಳಗ್ಗೆ ಕಲ್ಲಿನಂತಿರುತ್ತದೆ. ಮಧ್ಯಾಹ್ನ ಮೆತ್ತಗಾಗಿ ತೊಡೆಯವರೆಗೆ ಕಾಲು ಹೂತುಹೋಗುತ್ತದೆ. ಬಂಡೆಗಳ ಸುತ್ತ ಒಳಗಿನಿಂದಲೇ ಕರಗಿ ಪೊಳ್ಳಾಗಿರುತ್ತದೆ. ತೊರೆಗಳ ಮೇಲೆ ತೆಳುವಾದ ಸೇತುವೆಯಂತೆ ನಿಂತು, ಯಾರೋ ಕಾಲಿಡುವುದನ್ನೇ ಕಾಯುತ್ತಿರುತ್ತದೆ. ಬೂಟಿಗೆ ಉಕ್ಕಿನ ಮುಳ್ಳುಗಳನ್ನು ಕಟ್ಟಿಕೊಂಡಿದ್ದರೂ ಇವಳ ಹೆಜ್ಜೆ ಜಾರಿತು. ಎರಡು ಅಂತಸ್ತಿನ ಮನೆಯಷ್ಟು ಕೆಳಕ್ಕೆ ಸರ್ರನೆ ಹೋಗಿ, ಹಿಮ ಮೆತ್ತಗಿದ್ದ ಒಂದು ಹಳ್ಳದಲ್ಲಿ ನಿಂತಳು. ಅದರ ಕೆಳಗೆ ಬರಿಯ ಬಂಡೆಗಳು.

“ಮೂರು ಗಂಟೆಯ ಮೆತ್ತನೆಯ ಹಿಮದಲ್ಲಿ ಹೀಗಾಯಿತು. ನಾಳೆ ನಾವು ಅಲ್ಲಿಗೆ ತಲುಪುವುದು ಬೆಳಗ್ಗೆ ಎಂಟಕ್ಕೆ,” ಎಂದು ಹೇಳಿ ಅವಳು ಕುಳಿತಳು. ತನ್ನ ತಾಯಿಯ ಕಡೆಗೆ ನೋಡಲಿಲ್ಲ. ಇಡೀ ವರ್ಷ ಬೆಳಗಿನ ಐದು ಗಂಟೆಗೆ ಎದ್ದು ಆ ಶಿಖರದ ಓಟಕ್ಕಾಗಿಯೇ ದೇಹವನ್ನು ಹುರಿಗೊಳಿಸಿದವಳು ಅವಳೇ ಎಂದು ನಾನು ಬಲ್ಲೆ. ಗೊಣಗಾಟ ನಿಂತಿತು. ನನ್ನಾಕೆ ಒಂದೂ ಮಾತಾಡದೆ ಒಳಗೆ ಹೋಗಿ ಅರಿಸಿನ, ಕೊಬ್ಬರಿ ಎಣ್ಣೆ ಕಲಸಿ ತಂದಳು. ಮೂವತ್ತು ಮಂದಿ ವಿದೇಶೀಯರ ಎದುರಿಗೆ ಮಗಳ ಕೈ ಹಳದಿಯಾಯಿತು.

ಶನಿವಾರ ಬೆಳಗ್ಗೆ ಆರೂವರೆಗೆ ಮೇಷ್ಟ್ರು ತಮ್ಮ ಹಳೆಯ ಶಾಲೆಯ ಕೈಗಂಟೆಯನ್ನು ಬಾರಿಸಿದರು, ಓಟ ಆರಂಭವಾಯಿತು. ಹೊತ್ತನ್ನು ಅಳೆಯುವುದಕ್ಕೆ ಅಡಿಗೆಮನೆಯ ಗೋಡೆಗಡಿಯಾರವನ್ನು ಕಾರಿನ ಮೇಲೆ ಇಟ್ಟಿದ್ದರು. ಅಳಿಯಂದಿರಿಗೂ ನಮಗೂ ಒಪ್ಪಿಸಿದ ಠಾಣೆ, 1926ರಲ್ಲಿ ಕಟ್ಟಿದ ಕಮಾನಿನ ಸೇತುವೆಯ ಪಕ್ಕ. ಸೇತುವೆ ಇಳಿಯುತ್ತಲೇ ಬಾಗುತ್ತದೆ. ಸಾವಿರ ಅಡಿ ಕೆಳಗೆ ಸರೋವರ ನೀಲಿಯ ಚಿಪ್ಪಿನಂತೆ ಕಾಣುತ್ತದೆ. ಎದುರಿನ ಬೆಟ್ಟದ ಮಗ್ಗುಲಿನಲ್ಲಿ ಹಳೆಯ ರೈಲುದಾರಿಯ ಕಲ್ಲಿನ ಗೋಡೆ ಇದೆ. ಗಾರೆಯಿಲ್ಲದೆ ಅದನ್ನು ಜೋಡಿಸಿದವರು ಚೀನಾದಿಂದ ಬಂದ ಕೂಲಿಕಾರರು. ಪಕ್ಕದ 1,659 ಅಡಿ ಉದ್ದದ ಸುರಂಗವನ್ನು ಗಟ್ಟಿ ಗ್ರಾನೈಟಿನಲ್ಲಿ ಕೊರೆದವರೂ ಅವರೇ. 1866-67ರ ಚಳಿಗಾಲದಲ್ಲಿ ಹಿಮದ ಒಳಗೇ ಓಣಿಗಳನ್ನು ತೋಡಿಕೊಂಡು ಬಿಡಾರದಿಂದ ಕೆಲಸಕ್ಕೆ ಹೋಗಿಬರುತ್ತಿದ್ದರಂತೆ. ದಿನಕ್ಕೆ ಒಂದು ಮುಖದಲ್ಲಿ ಸುಮಾರು ಒಂದಡಿ ಮುಂದುವರಿದರೆ ಅದೇ ಹೆಚ್ಚು. 1993ರಲ್ಲಿ ರೈಲನ್ನು ಬೇರೆ ಸುರಂಗಕ್ಕೆ ತಿರುಗಿಸಿದ ಮೇಲೆ ಆ ದಾರಿ ಪಾಳುಬಿದ್ದಿದೆ. ನನಗೆ ಆ ದಿನ ಅತ್ಯಂತ ಹಿಡಿಸಿದ್ದು ಆ ಗೋಡೆಯೇ. ಓಟಗಾರರ ಪೈಕಿ ಎಷ್ಟು ಮಂದಿ ಅದನ್ನು ನೋಡಿದರೋ!

ರಸ್ತೆಯ ಅಂಚಿನ ನೆರಳಿನಲ್ಲಿ ಉಳಿದಿದ್ದ ಹಿಮದ ರಾಶಿ ಅಲ್ಲಲ್ಲಿ ಗುಲಾಬಿ ಬಣ್ಣ ತಳೆದಿತ್ತು. ಯಾರೋ ಶರಬತ್ತು ಚೆಲ್ಲಿದ್ದಾರೆಂದುಕೊಂಡೆ. ಹಾಗಲ್ಲ, ಹಿಮದಲ್ಲಿಯೇ ಬದುಕುವ ಒಂದು ಸೂಕ್ಷ್ಮ ಪಾಚಿಯ ಬಣ್ಣವದು. ಇಲ್ಲಿಯವರು ‘ಕಲ್ಲಂಗಡಿ ಹಿಮ’ ಎನ್ನುತ್ತಾರೆ. ತಿನ್ನಬಾರದಂತೆ.

ಏರಿ ಬರುವಾಗ ಓಟಗಾರರಿಗೆ ಉಪ್ಪು ಬೇಕೆಂದು ಬೇಯಿಸಿದ ಆಲೂಗೆಡ್ಡೆಯನ್ನು ಉಪ್ಪಿನಲ್ಲಿ ಹೊರಳಿಸಿ ಇಟ್ಟಿದ್ದರು. ಅದರ ಪಕ್ಕದಲ್ಲಿ ನನ್ನಾಕೆಯ ಪುಳಿಯೋಗರೆ, ಕೋಡುಬಳೆ. ಮೊದಲು ಬಂದವರು ಅನುಮಾನದಿಂದ ಒಂದು ಚಮಚ ತೆಗೆದುಕೊಂಡರು. ಹತ್ತನೆಯವರು ಬರುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು. ಹಿಂದಿನ ಸಂಜೆ ಹಟ ಹಿಡಿದಿದ್ದ ಯುವಕನು ಮೂರನೆಯವನಾಗಿ ಬಂದು, ಎರಡು ಕೈಯಲ್ಲಿಯೂ ಕೋಡುಬಳೆ ಹಿಡಿದು ಮೇಲಕ್ಕೆ ಓಡಿದನು. ನಮ್ಮ ಮಗಳು ಹದಿನಾಲ್ಕನೆಯವಳು. “ಅಮ್ಮ, ನನಗೆ ಉಳಿಸಿದ್ದೀಯಾ?” ಎಂದು ಕೇಳಿದಳು. ಉಳಿಸಿತ್ತು, ಚೀಲದ ಒಳಗೆ, ಬೇರೆ ಡಬ್ಬಿಯಲ್ಲಿ.

ಸೆಪ್ಟೆಂಬರಿನಲ್ಲಿ ನಾವು ಬೆಂಗಳೂರಿಗೆ ಹಿಂದಿರುಗಿದ ಮೇಲೆ ಮಗಳಿಂದ ಒಂದು ಚಿತ್ರ ಬಂದಿತು. ಹಿಮ ಕರಗಿದ ಬಳಿಕ ಮೇಷ್ಟ್ರೂ ಅವಳೂ ಮೇಲಿನ ದಾರಿಯನ್ನು ಓಡಿ ಮುಗಿಸಿದರಂತೆ. ಚಿತ್ರದಲ್ಲಿ ಇಳುಕಲಿನ ನಡುವೆ ಒಂದಡಿ ಅಗಲದ ಮಣ್ಣಿನ ಹಾದಿ, ಅದರ ಅಂಚಿನಲ್ಲಿ ಹಳದಿಯ ಹೂಗಳು, ಬಹಳ ಕೆಳಗೆ ಬೂದು ಬಣ್ಣದ ಬಂಡೆಗಳು. ‘ಅಮ್ಮನಿಗೆ ಹೂ ಮಾತ್ರ ತೋರಿಸಿ’ ಎಂದು ಬರೆದಿದ್ದಳು. ನನ್ನಾಕೆ ಕನ್ನಡಕವನ್ನು ಹಾಕಿಕೊಂಡು ಚಿತ್ರವನ್ನು ಹತ್ತಿರಕ್ಕೆ ಹಿಡಿದು, ಮೊದಲು ನೋಡಿದ್ದು ಬಂಡೆಗಳನ್ನೇ.