ಯಾರ ಮದ್ದಿಗೆ ಸುಮ್ಮನಾಯಿತು ಕೂಸು

ಚೊಚ್ಚಲ ಬಾಣಂತನ ತವರಿನದು. ಹಾಗಾಗಿ ಸಿಂಧನೂರಿನ ನಾನು ಅಪ್ಪನಾದದ್ದು ಲಿಂಗಸುಗೂರಿನಲ್ಲಿ, ಅದೂ ವಾರಕ್ಕೊಂದು ರಾತ್ರಿಯ ಮಟ್ಟಿಗೆ. ಶನಿವಾರ ಸಂಜೆ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರೆ, ಮಸ್ಕಿ ಬರುವ ಹೊತ್ತಿಗೆ ಕತ್ತಲು. ಲಿಂಗಸುಗೂರಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಅಳು.

“ಯಾಕ ಅಳಾಕತ್ತೈತಿ?” ಎಂದು ಮೊದಲ ವಾರ ಕೇಳಿಬಿಟ್ಟೆ. ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಉತ್ತರ. ಅತ್ತೆ “ದಿಟ್ಟಿ ಆಗೈತ್ರಿ” ಎಂದು ಉಪ್ಪು, ಒಣಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ಹಾಗಾದರೆ ದೊಡ್ಡ ದಿಟ್ಟಿಯೇ ಎಂದು ತೀರ್ಮಾನವಾಯಿತು. ಎದುರುಮನೆಯ ಆಯಿ ಬಜೆ ತೇಯ್ದು ನೆಕ್ಕಿಸಬೇಕೆಂದಳು. ನಮ್ಮವ್ವ ಸಿಂಧನೂರಿನಿಂದ ಫೋನಿನಲ್ಲೇ, “ಇಂಗು ನೀರಾಗ ಕಲಸಿ ಹೊಕ್ಕಳ ಸುತ್ತ ಹಚ್ಚ್ರಿ, ವಾಯು ಇರತೈತಿ” ಎಂದಳು. ಹೆಂಡತಿಯ ಅಣ್ಣ ಮಾತಾಡದೆ ಹೋಗಿ ಗ್ರೈಪ್ ವಾಟರ್ ಬಾಟಲಿ ತಂದಿಟ್ಟ.

ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬಾತ ಶುರುಮಾಡಿದ್ದು. ಅದರಲ್ಲಿ ಸಬ್ಬಸಿಗೆ ಎಣ್ಣೆ, ಸೋಡದ ಜೊತೆ ಬಹುಕಾಲ ಆಲ್ಕೋಹಾಲೂ ಇರುತ್ತಿತ್ತು. ಅಲ್ಲಿನ ಕೂಸುಗಳು ಸುಮ್ಮನಾಗುತ್ತಿದ್ದದ್ದು ಸಬ್ಬಸಿಗೆಯಿಂದಲೋ ಇನ್ನೊಂದರಿಂದಲೋ, ಕೂಸುಗಳೇ ಹೇಳಬೇಕು.

ಡಾಕ್ಟರು ಕೂಸನ್ನು ತೂಗಿ ನೋಡಿದರು. “ಹಾಲು ಕುಡೀತೈತಿ, ತೂಕ ಏರೈತಿ, ಜ್ವರ ಇಲ್ಲ. ಆರು ತಿಂಗಳ ತನಕ ತಾಯಿ ಹಾಲು ಬಿಟ್ಟು ಏನೂ ಹಾಕಬ್ಯಾಡ್ರಿ. ಬಜೆ ಬ್ಯಾಡ, ಜೇನುತುಪ್ಪ ಮೊದಲೇ ಬ್ಯಾಡ. ಮೂರ್ನಾಲ್ಕು ತಿಂಗಳಿಗೆ ತಾನಾಗೇ ಬಿಡತೈತಿ.” ದಿನಕ್ಕೆ ಮೂರು ತಾಸು, ವಾರಕ್ಕೆ ಮೂರು ದಿನ, ಮೂರು ವಾರ ದಾಟಿದ ಅಳುವಿಗೆ ವೈದ್ಯರು ಕಾಲಿಕ್ ಎನ್ನುತ್ತಾರೆ. 1954ರಲ್ಲಿ ಅಮೆರಿಕದ ವೆಸೆಲ್ ಎಂಬ ವೈದ್ಯ ಹಾಕಿಕೊಟ್ಟ ಲೆಕ್ಕ ಇದು. ಆರನೇ ವಾರದ ಸುಮಾರಿಗೆ ಅಳು ನೆತ್ತಿಗೇರುತ್ತದೆ, ಆಮೇಲೆ ಇಳಿಯುತ್ತದೆ. ಔಷಧಿ ಬರೆದುಕೊಡದ ಡಾಕ್ಟರ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಭರವಸೆ ಹುಟ್ಟಲಿಲ್ಲ.

ಆರನೇ ವಾರ ಬಿದ್ದದ್ದು ಮೇ ತಿಂಗಳಲ್ಲಿ. ರಾಯಚೂರು ಜಿಲ್ಲೆಯ ಮೇ ತಿಂಗಳು ಎಂದಮೇಲೆ ಬಿಸಿಲನ್ನು ಬಣ್ಣಿಸಬೇಕಿಲ್ಲ. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಅಂಥದರಲ್ಲಿ ಬಾಣಂತಿ ಕೋಣೆಗೆ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ. ಕೂಸಿಗೆ ತಲೆತುಂಬ ಕುಂಚಿಗಿ, ಅದರ ಮೇಲೆ ಕೌದಿ. ಒಂದು ರಾತ್ರಿ ಅತ್ತೆ ನೀರು ತರಲು ಹೋದಾಗ ಹೆಂಡತಿ ಬಾಗಿಲ ಕಡೆ ನೋಡಿ, ಕುಂಚಿಗಿಯ ಲಾಡಿ ಬಿಚ್ಚಿದಳು. ಕೂಸಿನ ಕೂದಲು ಒದ್ದೆಯಾಗಿ ನೆತ್ತಿಗೆ ಅಂಟಿತ್ತು. ಕುತ್ತಿಗೆಯ ಮಡಿಕೆಯಲ್ಲಿ ಬೆವರುಸಾಲೆ ಕೆಂಪಗೆ. ಸೆರಗಿನಿಂದ ಒರೆಸಿ ಬೀಸಣಿಗೆಯಲ್ಲಿ ನಾಲ್ಕು ಸಲ ಬೀಸಿದ್ದೇ, ಬಿಕ್ಕಳಿಕೆಯ ನಡುವೆ ಅಳು ನಿಂತಿತು. ಅತ್ತೆ ಬಂದು, “ನೋಡ್ರಿ, ದಿಟ್ಟಿ ಬಿಡ್ತು” ಎಂದರು. ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಮರುದಿನ ರಾತ್ರಿ, ಕುಂಚಿಗಿ ಇಲ್ಲದೆಯೂ, ಒಂದು ತಾಸು ಅತ್ತಿತಂತೆ. ಹಾಗಾಗಿ ನಮ್ಮ ವಾದವೂ ಅಲ್ಲಿಗೇ ಬಿತ್ತು.

ನನಗೆ ಉಳಿದ ಹಾದಿ ನಡೆಯುವುದು. ಇಳಕಲ್ಲಿನ ಹಳೆ ಸೀರೆಯನ್ನು ಜಂತಿಗೆ ಕಟ್ಟಿದ ಜೋಳಿಗೆ ಇತ್ತು. ಅದರಲ್ಲಿ ಇಟ್ಟೊಡನೆ ಕೂಸು ಕಣ್ಣು ಬಿಡುತ್ತಿತ್ತು. ಜಪಾನಿನ ವಿಜ್ಞಾನಿಗಳು 2022ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ: ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಡೆಯಬೇಕು, ನಿದ್ದೆ ಹತ್ತಿದರೂ ಕೆಳಗೆ ಹಾಕದೆ ಐದರಿಂದ ಎಂಟು ನಿಮಿಷ ಹಾಗೇ ಹಿಡಿದು ಕೂತು, ಆಮೇಲೆ ಮಲಗಿಸಬೇಕು. ಪಡಸಾಲೆಯಿಂದ ಬಚ್ಚಲಿನ ತನಕ, ಬಚ್ಚಲಿನಿಂದ ಪಡಸಾಲೆಗೆ, ಗಡಿಯಾರ ನೋಡುತ್ತ ನಡೆದೆ. ಕೆಲವು ರಾತ್ರಿ ಫಲಿಸಿತು. ಕೆಲವು ರಾತ್ರಿ ಜಪಾನೂ ಸೋತಿತು.

ಭಾನುವಾರ ವಾಪಸು ಬರುವಾಗ ಮಸ್ಕಿಯಲ್ಲಿ ಬಸ್ಸು ನಿಂತರೆ ಅಶೋಕನ ಶಾಸನ ನೆನಪಾಗುತ್ತಿತ್ತು. ಬಹುತೇಕ ಕಡೆ ‘ದೇವಾನಾಂಪ್ರಿಯ’ನೆಂದೇ ಮಾತಾಡಿದ ದೊರೆ, ಇಲ್ಲಿಯ ಬಂಡೆಯಲ್ಲಿ ಅಶೋಕನೆಂಬ ಹೆಸರು ಬಿಟ್ಟುಹೋಗಿದ್ದ. 1915ರಲ್ಲಿ ಅದನ್ನು ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರು, ಚಿನ್ನದ ಬೆನ್ನು ಹತ್ತಿದವನು. ಕೆಲಸ ಯಾರದು ಎಂಬ ತಕರಾರು ಅಲ್ಲಿ ಒಂದು ಕಲ್ಲಿನಿಂದ ಬಗೆಹರಿಯಿತು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ.

ಜುಲೈ ಹೊತ್ತಿಗೆ, ಡಾಕ್ಟರು ಹೇಳಿದಂತೆಯೇ, ಅಳು ತಾನಾಗಿ ಕಡಿಮೆಯಾಯಿತು. ಆ ವಾರ ಅತ್ತೆ ಕರಿದಾರ ಕಟ್ಟಿಸಿದ್ದರು. ಅವ್ವ ಇಂಗಿನ ಹೊಸ ಡಬ್ಬಿ ಕಳಿಸಿದ್ದಳು. ಗ್ರೈಪ್ ವಾಟರ್ ಬಾಟಲಿ ಸೀಲು ಒಡೆಯದೆ ಕಪಾಟಿನಲ್ಲಿತ್ತು, ಆದರೂ ಭಾವಮೈದುನ ತಂದದ್ದು ತಾನೇ ಎಂದ. ಶ್ರೇಯ ಹಂಚಿಹೋಯಿತು. ಡಾಕ್ಟರ ಹೆಸರು ಯಾರೂ ಎತ್ತಲಿಲ್ಲ.

ತೊಟ್ಟಿಲ ಸಮೇತ ಸಿಂಧನೂರಿಗೆ ಬಂದೆವು. ದಾರಿಯಲ್ಲಿ ಬಸ್ಸು ಓಡುವಷ್ಟು ಹೊತ್ತೂ ಕೂಸು ನಿದ್ದೆ, ಮಸ್ಕಿಯಲ್ಲಿ ನಿಂತದ್ದೇ ಚೀರಾಟ. ಕಂಡಕ್ಟರು ಸೀಟಿ ಊದಿ, “ಯಕ್ಕಾ, ನಿನ್ನ ಕೂಸಿನ ಸಲುವಾಗಿ ಗಾಡಿ ಬಿಡಾಕತ್ತೀನಿ ನೋಡು” ಎಂದ. ಕೂಸು ಸುಮ್ಮನಾಯಿತು. ಪಾಲುದಾರರಲ್ಲಿ ಅವನೂ ಒಬ್ಬನಾದ.

ಮೊನ್ನೆ ಪಕ್ಕದ ಮನೆಗೆ ಎರಡು ತಿಂಗಳ ಕೂಸು ಬಂದಿದೆ. ರಾತ್ರಿ ಹತ್ತಾದರೆ ಶುರು. ನಿನ್ನೆ ಅದರ ಅಪ್ಪ, ಕೆಂಪುಗಣ್ಣು, ಮೂರು ದಿನದ ಗಡ್ಡ, ಗೇಟಿನ ಹತ್ತಿರ ನಿಂತು ಕೇಳಿದ: “ಅಣ್ಣಾ, ನಿಮ್ಮ ಕೂಸಿಗೆ ಏನ್ ಮಾಡಿದ್ರಿ?”

ತಾನಾಗೇ ಬಿಡತೈತಿ ಎನ್ನಲು ಬಾಯಿ ತೆರೆದೆ.

“ಐದು ನಿಮಿಷ ಎತ್ಗೊಂಡು ತಿರುಗಾಡಪಾ,” ಎಂದೆ. “ಆಮ್ಯಾಲ ಎಂಟು ನಿಮಿಷ ಹಂಗ ಕೂಡು. ನಮ್ದು ಅದಕ್ಕ ಬಿಡ್ತು.”