ಬೇಸಿಗೆಯ ಹಸಿರಿನ ಲೆಕ್ಕ

ಮಾರ್ಚ್ ಬಂತು ಅಂದ್ರೆ ನಮ್ಮ ಹಾಸ್ಟೆಲ್ ಹಿಂದಿನ ಮುತ್ತುಗ ಎಲೆಯೆಲ್ಲಾ ಉದುರಿಸಿ ನಿಂತಿರುತ್ತೆ. ಪಕ್ಕದ ಬಳ್ಳಾರಿ ಜಾಲಿ ಮಾತ್ರ ಹಸಿರಾಗೇ ಇರುತ್ತೆ. ಹಾಗಾದ್ರೆ ಬರ ತಡೆಯೋ ಗಿಡ ಯಾವ್ದು?

ಎರಡೂ! ಆದ್ರೆ ಲೆಕ್ಕ ಬೇರೆ. ಎಲೆಯಿಂದ ನೀರು ಆವಿಯಾಗಿ ಹೋಗುತ್ತಲ್ಲ, ಮುತ್ತುಗ ಆ ಖರ್ಚನ್ನೇ ಕಡಿಮೆ ಮಾಡಿ, ಬೋಳು ಕೊಂಬೆಯಲ್ಲೇ ಹೂ ಬಿಡುತ್ತೆ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂದ ಬಳ್ಳಾರಿ ಜಾಲಿ ಖರ್ಚು ನಿಲ್ಲಿಸಲ್ಲ, ಬೇರನ್ನ ಇನ್ನೂ ಆಳಕ್ಕೆ ಇಳಿಸಿ ನೀರು ಎಳೆಯುತ್ತೆ. ಮೇಲಿನ ಬೇರುಗಳು ಸಣ್ಣ ಮಳೆಯನ್ನೂ ಬಿಡಲ್ಲ. ಕಡಿದ್ರೆ ಬುಡದಿಂದ ಮತ್ತೆ ಚಿಗುರುತ್ತೆ. ಕಾಯಿ ತಿಂದ ಆಡು, ದನಗಳು ಬೀಜವನ್ನ ಊರೆಲ್ಲಾ ಹಂಚುತ್ತವೆ. ಒತ್ತಾಗಿ ಬೆಳೆದ ಕಡೆ ಹುಲ್ಲಿಗೂ ಜಾಗ ಸಿಗಲ್ಲ.

ಬಯಲುಸೀಮೆಯಿಂದ ಬಂದ ನಮ್ಮಲ್ಲಿ ಹಲವರ ಊರಿನ ಕೆರೆ ಅಂಗಳದಲ್ಲಿ ತುಂಬಿರೋದು ಇದೇ ಜಾಲಿ. ಕಡಿಸೋಣ ಅಂದ್ರೆ ಅಜ್ಜಿ, "ಒಲೆಗೆ ಸೌದೆ ನೀನು ತಂದ್ಕೊಡ್ತೀಯಾ?" ಅಂತಾರೆ. ಅವರ ಪ್ರಶ್ನೆ ನ್ಯಾಯವೇ. ಜಾಲಿ ಕೀಳೋ ಮೊದ್ಲು ಆ ಒಲೆಗೊಂದು ದಾರಿ ಹುಡುಕ್ಬೇಕು. ಇಂಜಿನಿಯರಿಂಗ್ ಓದೋ ನಮಗೆ ಇದಕ್ಕಿಂತ ಒಳ್ಳೇ ಪ್ರಾಜೆಕ್ಟ್ ಇನ್ನೇನು ಬೇಕು?